ಜೀರಿಗೆ ಬರುವ ತನಕ ಶಟ್‌ಡೌನ್ ತಡೆಹಿಡಿಯುವ ಬಗ್ಗೆ

ಇಂದ:
ಗುರುಲಿಂಗ ತಂದೆ ಬಸವಣಪ್ಪ,
ಮಾಲೀಕ, ಶಿಕ್ಷಕ ಹಾಗೂ ಕಸ ಗುಡಿಸುವವ,
ಗುರು ಕಂಪ್ಯೂಟರ್ ಕ್ಲಾಸೆಸ್ ಮತ್ತು ಝೆರಾಕ್ಸ್,
ಅಡತ ಬಜಾರದ ಹಿಂದಿನ ಓಣಿ, ಹುಮನಾಬಾದ್.
(ತಂದೆಯವರ ಸದ್ಯದ ಠಿಕಾಣಿಗೆ ಎಂಟನೇ ಅಂಶ ನೋಡುವುದು.)

ಗೆ:
ಮಾನ್ಯ ಇನಿಟ್ ಸಾಹೇಬರು,
ಪ್ರಕ್ರಿಯೆ ಸಂಖ್ಯೆ ಒಂದು,
ಲಿನಕ್ಸ್ ಯಂತ್ರ, ಟೇಬಲ್ಲಿನ ಕೆಳಗೆ, ಮೇಲ್ಕಂಡ ವಿಳಾಸ.

ದಿನಾಂಕ: ಏಪ್ರಿಲ್ 2004, ಶನಿವಾರ, ಸಂಜೆ. ಕರೆಂಟು ಇನ್ನೂ ಇದೆ.

ವಿಷಯ: ಈ ಸಂಜೆ ಕರೆಂಟು ಹೋದರೂ, ಯುಪಿಎಸ್ ಎಷ್ಟೇ ಕೂಗಿಕೊಂಡರೂ, ಶಟ್‌ಡೌನ್ ಆದೇಶ ಹೊರಡಿಸದೆ, "ಹೋಗಿ ಬರ್ತೀನಿ" ಎಂಬ ಸ್ಕ್ರಿಪ್ಟನ್ನು ಓಡಿಸದೆ, ಅರ್ಜಿದಾರನ ತಂದೆ ಜೀರಿಗೆ ತರುವವರೆಗೆ ತಡೆದುಕೊಂಡಿರುವ ಕುರಿತು.

ಉಲ್ಲೇಖ:
1. ಅರ್ಜಿದಾರನ ತಾಯಿ ರುಕ್ಮಿಣಿಬಾಯಿಯವರ ಮೌಖಿಕ ಆದೇಶ (ದಿನಾ ಹೊರಡುತ್ತದೆ).
2. ಪಕ್ಕದ ಬಳೆ ಅಂಗಡಿಯ ವಜೀರಬಿಯವರ ಬಸವಕಲ್ಯಾಣ ಪ್ರವಾಸ.
3. ಶಾಹಜೀರಾ, ಒಂದು ಪೊಟ್ಟಣ.

ಮಾನ್ಯರೇ,

ಮೇಲ್ಕಂಡ ವಿಷಯ ಹಾಗೂ ಉಲ್ಲೇಖಗಳಿಗೆ ಸಂಬಂಧಿಸಿದಂತೆ ಅರ್ಜಿದಾರನು ತಮ್ಮ ಅವಗಾಹನೆಗೆ ತರುವುದೇನೆಂದರೆ:

1. ತಾವು ಯಾರೆಂಬುದು ಈ ಓಣಿಯಲ್ಲಿ ಯಾರಿಗೂ ತಿಳಿಯದ ಕಾರಣ, ಮೊದಲು ತಮ್ಮ ಪರಿಚಯವನ್ನು ತಮಗೇ ಮಾಡಿಕೊಡಬೇಕಾಗಿದೆ. ಲಿನಕ್ಸ್ ಯಂತ್ರದ ಗುಂಡಿ ಒತ್ತಿದಾಗ ಎಲ್ಲರಿಗಿಂತ ಮೊದಲು ಏಳುವವರು ತಾವು. ಉಳಿದ ಕೆಲಸಗಾರರನ್ನು ಎಬ್ಬಿಸಿ ಕೆಲಸಕ್ಕೆ ಹಚ್ಚುವವರು ತಾವು. ಸಂಜೆ ಶಟ್‌ಡೌನ್ ಎಂದೊಡನೆ ಒಬ್ಬೊಬ್ಬರನ್ನೇ ಮನೆಗೆ ಕಳಿಸಿ ಕಡೆಗೆ ಬಾಗಿಲು ಹಾಕುವವರೂ ತಾವೇ. ಹೈದರಾಬಾದಿನಿಂದ ಬರುವ ಮಾಸಪತ್ರಿಕೆಯೊಂದರ ಜೊತೆ ಪುಕ್ಕಟೆ ಸಿಕ್ಕ ಸೀಡಿಯಲ್ಲಿ ತಾವು ಈ ಮನೆ ಹೊಕ್ಕಿರಿ. ಪುಕ್ಕಟೆ ಬಂದವರೆಂಬ ಕಾರಣಕ್ಕೆ ಅರ್ಜಿದಾರನ ಅವ್ವ ಅಂದಿನಿಂದಲೂ ತಮ್ಮ ಮೇಲೆ ಒಂದು ಕಣ್ಣಿಟ್ಟಿದ್ದಾಳೆ. ಈ ಯಂತ್ರದಲ್ಲಿ ಕನ್ನಡ ಅಕ್ಷರ ಮೂಡದ ಕಾರಣ ಅರ್ಜಿಯನ್ನು ಕೈಯಿಂದ ಬರೆದು ಅದರ ಡಬ್ಬದ ನೆತ್ತಿಯ ಮೇಲೆ ಇಡಲಾಗುವುದು.

2. ಮನೆಯ ಹಳೆಯ ಸಂಗತಿಯನ್ನು ಹೇಳದೆ ವಿಷಯ ತಿಳಿಯುವಂತಿಲ್ಲ. ಆದ್ದರಿಂದ ಹೇಳಲಾಗುತ್ತಿದೆ. ಅರ್ಜಿದಾರನ ಅಪ್ಪ ಬಸವಣಪ್ಪ ಅಡತ ಅಂಗಡಿಯೊಂದರಲ್ಲಿ ದಲ್ಲಾಳಿ ಲೆಕ್ಕ ಬರೆಯುವ ಮುನೀಮರಾಗಿದ್ದರು. ಮಾತು ಕಡಿಮೆ, ಟೋಪಿ ಸದಾ ಶುಭ್ರ. 1991ರಲ್ಲಿ ಒಂದು ಬೆಳಗ್ಗೆ ಬೇಳೆ ಬೆಂದು ಒಗ್ಗರಣೆಗೆ ಕಾದಿದ್ದಾಗ ಮನೆಯಲ್ಲಿ ಜೀರಿಗೆ ಇಲ್ಲದಿರುವುದು ಅವ್ವನ ಗಮನಕ್ಕೆ ಬಂತು.

"ಜೀರಗಿ ತೀರ್ಯಾದ ಅಂತ ನಿನ್ನೆನೇ ಹೇಳಿದ್ದೆ. ಈಗ ಒಗ್ಗರಣ್ಯಾಗ ಏನ್ ಹಾಕ್ಲಿ, ನನ್ನ ತಲಿ ಹಾಕ್ಲಾ?" ಎಂದಳು.

ಅಪ್ಪ ಚಪ್ಪಲಿ ಮೆಟ್ಟಿದರು, ಟೋಪಿ ಇಟ್ಟರು, ತುಟಿ ಬಿಚ್ಚದೆ ಬಜಾರದ ಕಡೆ ನಡೆದರು. ಜೀರಿಗೆ ಬರಲಿಲ್ಲ. ಅಪ್ಪನೂ ಬರಲಿಲ್ಲ. ಒಂದು ವಾರದೊಳಗೆ ಅವರು ಬಸವಕಲ್ಯಾಣದಲ್ಲಿ ಬೀಜದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತ ಕುಳಿತಿದ್ದಾರೆಂದು ಇಡೀ ಊರಿಗೆ ಗೊತ್ತಾಯಿತು. ಇಲ್ಲಿಂದ ಬಸ್ಸು ಹತ್ತಿ ಒಂದು ನಿದ್ದೆ ತೆಗೆಯುವುದರೊಳಗೆ ಮುಟ್ಟುವ ಊರು ಅದು. ಅಲ್ಲಿ ಇನ್ನೊಬ್ಬ ಹೆಂಗಸಿಲ್ಲ, ಸಾಲವಿಲ್ಲ, ಸನ್ಯಾಸವೂ ಇಲ್ಲ. ಬರೀ ಅಪ್ಪ ಇದ್ದರು, ಅಷ್ಟೇ. ಓಣಿಯ ಹಿರಿಯರು ನಾಲ್ಕು ಜನ ಬಂದು, ಹೋಗಿ ಕರೆದುಕೊಂಡು ಬರೋಣ ನಡೆಯಿರಿ ಎಂದರೆ ಅವ್ವ ಜಗ್ಗಲಿಲ್ಲ.

"ಹೋಗೂದು ತಪ್ಪಲ್ರಿ. ಗಂಡಸು ಅಂದ ಮ್ಯಾಗ ನಾಕ್ ಕಡಿ ಹೋಗ್ತಾನ. ಹೇಳಿ ಹೋಗ್ಬೇಕಲ್ಲ. ಹೇಳದ ಹೋದವ್ರನ್ನ ಹುಡುಕೂದು ನನ್ನ ಕೆಲಸ ಅಲ್ಲ," ಎಂದು ಅವರಿಗೆ ಚಹಾ ಕೊಟ್ಟು ಕಳಿಸಿದಳು.

3. ಅಂದಿನಿಂದ ಈ ಮನೆಯಲ್ಲಿ ಒಂದು ಕಾನೂನು ಜಾರಿಯಲ್ಲಿದೆ. ಹೊಸ್ತಿಲು ದಾಟುವ ಯಾರೇ ಆಗಲಿ "ಹೋಗಿ ಬರ್ತೀನಿ" ಎಂದು ಹೇಳಿಯೇ ದಾಟಬೇಕು. ಹಾಲಿನವನು ಹೇಳುತ್ತಾನೆ. ಟೈಪಿಂಗ್ ಕಲಿಯುವ ಹುಡುಗಿಯರು ಹೇಳುತ್ತಾರೆ. ಒಂದು ಹಾಳೆ ಝೆರಾಕ್ಸ್ ಮಾಡಿಸಲು ಬಂದ ಪರವೂರಿನ ಪೊಲೀಸರೊಬ್ಬರು ಹೇಳದೆ ಹೋದದ್ದಕ್ಕೆ ಅವ್ವ ಅವರನ್ನು ಓಣಿಯ ತುದಿಯಿಂದ ವಾಪಸ್ ಕರೆಸಿದ್ದು ತಾಲೂಕಿನಲ್ಲೇ ಹೆಸರಾಗಿದೆ. ವಜೀರಬಿಯವರ ಆಡಿಗೆ ಮಾತ್ರ ವಿನಾಯಿತಿ ನೀಡಲಾಗಿದೆ.

4. ಇಂಥ ಮನೆಗೆ ತಮ್ಮ ಯಂತ್ರ ಬಂತು. ಮುಂದೆ ಅಂಗಡಿ, ಹಿಂದೆ ಮನೆ ಇರುವ ಕಾರಣ ಅಂಗಡಿಯ ಮೇಲೂ ಅವ್ವನದೇ ರಾಜ್ಯಭಾರ. ಸಂಜೆ ದೀಪ ಹಚ್ಚಿ, ಊದಿನಕಡ್ಡಿ ಬೆಳಗಿ, ಕೈಮುಗಿದು, ಮೇನ್ ಸ್ವಿಚ್ಚನ್ನು ತನ್ನ ಕೈಯಾರೆ ಕೆಳಗೆಳೆಯುವುದು ಅವ್ವನ ಪದ್ಧತಿ. ಫ್ಯಾನು, ಝೆರಾಕ್ಸ್ ಯಂತ್ರ, ಟ್ಯೂಬ್‌ಲೈಟುಗಳೆಲ್ಲ ಇದಕ್ಕೆ ಒಗ್ಗಿಕೊಂಡಿದ್ದವು. ತಾವು ಒಗ್ಗಲಿಲ್ಲ. ಮೇನ್ ಎಳೆದಾಗ ಕೆಲಸದ ನಡುವೆಯೇ ಧೊಪ್ಪನೆ ಬಿದ್ದು, ಮರುದಿನ ಎದ್ದಾಗ ಎಲ್ಲಿದ್ದೆ, ಏನಾಯಿತು ಎಂದು ಡಿಸ್ಕನ್ನೆಲ್ಲ ತಡಕಾಡುತ್ತ ಕೂರುತ್ತಿದ್ದಿರಿ. ಹೀಗೇ ಒಂದು ದಿನ ಹುಡುಗಿಯರು ಟೈಪ್ ಮಾಡಿಟ್ಟಿದ್ದೆಲ್ಲ ಹೋಯಿತು. ಅವರು ಅಳುತ್ತ ಮನೆಗೆ ಹೋದರು, ಹೋಗುವಾಗ ಹೇಳಿಯೇ ಹೋದರು.

ಅವ್ವ ಡಬ್ಬದ ಎದುರು ನಿಂತು ಹೇಳಿದಳು: "ಹೇಳದ ಹೋಗ್ತದ ನೋಡು ಇದು. ಹೇಳದ ಹೋದ್ದು ತಿರುಗಿ ಬಂದ ಮ್ಯಾಗ ಹಿಂಗೇ, ತಲಿ ಕೆಟ್ಟಿರ್ತದ. ಏ ಗುರ್ಯಾ, ನಾಳಿಂದ ಇದೂ ಹೇಳೇ ಹೋಗ್ಬೇಕು."

ತಾಂತ್ರಿಕವಾಗಿ ನೋಡಿದರೆ ಅವ್ವನ ಮಾತಿನಲ್ಲಿ ಒಂದಕ್ಷರ ತಪ್ಪಿಲ್ಲವಾದ ಕಾರಣ ಅರ್ಜಿದಾರ ಅಂದೇ ಕೆಲಸಕ್ಕೆ ಕುಳಿತ.

5. ಸದರಿ ಆದೇಶದ ಮೇರೆಗೆ ಅರ್ಜಿದಾರ ಒಂದು ಮೈಕ್ ಹಿಡಿದು ತನ್ನ ದನಿಯಲ್ಲಿ "ಹೋಗಿ ಬರ್ತೀನಿ" ಎಂದು ರೆಕಾರ್ಡ್ ಮಾಡಿ, ಯಂತ್ರ ಬಂದ್ ಆಗುವ ಮೊದಲು ಅದನ್ನು ತಾನಾಗಿ ನುಡಿಸುವ ಸ್ಕ್ರಿಪ್ಟ್ ಬರೆದ. ಬರೆದದ್ದು ಸುಲಭ. ತಮ್ಮ ಕಚೇರಿಯಲ್ಲಿ ಅದನ್ನು ಪಾಸು ಮಾಡಿಸಿಕೊಳ್ಳುವುದರಲ್ಲಿ ಪಟ್ಟ ಪಾಡು ಕೆಳಗಿನಂತಿದೆ.

(ಅ) ಹೊರಡುವ ಸಾಲಿನಲ್ಲಿ ಮೊದಲ ನಂಬರು ಕೊಟ್ಟು ಸ್ಕ್ರಿಪ್ಟನ್ನು ಶಟ್‌ಡೌನಿನ ಫೋಲ್ಡರಿನಲ್ಲಿ ಇಡಲಾಯಿತು. ಶಟ್‌ಡೌನ್ ಮಾಡಿದರೆ ಪಿಟ್ಟೆನ್ನಲಿಲ್ಲ. ಅರ್ಜಿದಾರ ತಲೆಯ ಮೇಲೆ ಕೈ ಹೊತ್ತು ಕುಳಿತು ಓದಿದಾಗ ತಿಳಿದದ್ದು, ತಮ್ಮಲ್ಲಿ ಒಂದು ಹಾಜರಿ ಪದ್ಧತಿ ಇದೆ ಎಂಬುದು. ಬೆಳಗ್ಗೆ ಕೆಲಸಕ್ಕೆ ಬಂದ ಪ್ರತಿಯೊಬ್ಬನೂ ಗೊತ್ತಾದ ಜಾಗದಲ್ಲಿ ತನ್ನ ಹೆಸರಿನ ಖಾಲಿ ಫೈಲೊಂದನ್ನು ಇಡಬೇಕು. ಸಂಜೆ ಆ ಫೈಲು ಇದ್ದವನನ್ನು ಮಾತ್ರ ತಮ್ಮ ಸಿಬ್ಬಂದಿ ಕರೆದು ಬೀಳ್ಕೊಡುತ್ತಾರೆ. ಫೈಲು ಇಲ್ಲದವನು ಬಂದೇ ಇಲ್ಲ, ಬಾರದವನನ್ನು ಕಳಿಸುವ ಪ್ರಶ್ನೆಯೇ ಉದ್ಭವಿಸುವುದಿಲ್ಲ. ಸರಕಾರಿ ಕಚೇರಿಗಳಲ್ಲೂ ಕಾಣದ ಈ ಶಿಸ್ತಿಗೆ ಅರ್ಜಿದಾರ ತಲೆಬಾಗಿ ಬೆಳಗಿನ ಹಾಜರಿಯ ವ್ಯವಸ್ಥೆ ಮಾಡಿದ.

(ಆ) ಶಟ್‌ಡೌನಿನಲ್ಲಿ ದನಿ ಬಂತು. ಅವ್ವನಿಗೆ ತೋರಿಸುವ ಉಮೇದಿನಲ್ಲಿ ಅರ್ಜಿದಾರ ಶಟ್‌ಡೌನ್ ಬದಲು ರೀಬೂಟ್ ಮಾಡಿಬಿಟ್ಟ. ರೀಬೂಟಿಗೆ ತಮ್ಮಲ್ಲಿ ಬೇರೆಯೇ ಫೋಲ್ಡರು ಇರುವ ಕಾರಣ ಯಂತ್ರ ಬಾಯಿ ಮುಚ್ಚಿಕೊಂಡು ಹೋಗಿ, ಬಾಯಿ ಮುಚ್ಚಿಕೊಂಡು ಬಂತು. "ಇದು ಹೋಗೂದಲ್ಲವ್ವ, ಹಿತ್ತಲಕ್ಕ ಹೋಗಿ ಬಂದಂಗ," ಎಂದು ಅರ್ಜಿದಾರ ಸಮಜಾಯಿಷಿ ನೀಡಿದ. "ಹಿತ್ತಲಕ್ಕ ಹೋದ್ರೂ ಹೇಳಿ ಹೋಗ್ತಾರ. ಹಾದ್ಯಾಗ ಕಲ್ಯಾಣದ ಬಸ್ಸು ಬಂದ್ರ?" ಎಂದು ಅವ್ವ ಕೇಳಿದ ಮೇರೆಗೆ ಸ್ಕ್ರಿಪ್ಟನ್ನು ರೀಬೂಟಿನ ಫೋಲ್ಡರಿಗೂ ಜೋಡಿಸಲಾಯಿತು.

(ಇ) ಉಳಿದದ್ದು ಮೇನ್ ಸ್ವಿಚ್ಚು. ಅದನ್ನು ಎಳೆಯುವ ಹಕ್ಕನ್ನು ಅವ್ವ ಬಿಟ್ಟುಕೊಡಲಿಲ್ಲ. ಆದ್ದರಿಂದ ಒಂದು ಹಳೆಯ ಯುಪಿಎಸ್ ತಂದು ತಮಗೆ ಜೋಡಿಸಲಾಯಿತು. ಕರೆಂಟು ಹೋದೊಡನೆ ಯುಪಿಎಸ್ ತಮಗೆ ಸುದ್ದಿ ಮುಟ್ಟಿಸಬೇಕು, ತಾವು ಅದರ ಬ್ಯಾಟರಿ ಮುಗಿಯುವುದರೊಳಗೆ ಶಟ್‌ಡೌನ್ ಆದೇಶ ಹೊರಡಿಸಿ ಸ್ಕ್ರಿಪ್ಟನ್ನು ಓಡಿಸಬೇಕು. ಆ ಬ್ಯಾಟರಿಯ ದಮ್ಮು ಒಂದು ಕಪ್ ಚಹಾ ಕುಡಿದು ಮುಗಿಸುವಷ್ಟು ಮಾತ್ರ.

6. ಅಂದು ಸಂಜೆ ಅವ್ವ ಕೈಮುಗಿದು ಮೇನ್ ಎಳೆದಳು. ಫ್ಯಾನು ನಿಂತಿತು, ಲೈಟುಗಳು ಹೋದವು. ಊದಿನಕಡ್ಡಿಯ ಹೊಗೆಯ ನಡುವೆ ಟೇಬಲ್ಲಿನ ಕೆಳಗಿನಿಂದ ಗಂಡು ದನಿಯೊಂದು "ಹೋಗಿ ಬರ್ತೀನಿ" ಎಂದಿತು. ಅರ್ಜಿದಾರನ ದನಿ ಅವನ ಅಪ್ಪನದನ್ನೇ ಹೋಲುತ್ತದೆಂದು ಓಣಿಯವರು ಹಿಂದೆ ಹೇಳಿದ್ದುಂಟು. ಅರ್ಜಿದಾರ ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ. ಅವ್ವ ಕೈಯಲ್ಲಿದ್ದ ದೀಪವನ್ನು ಮೇಲೆತ್ತಿ ಹಿಡಿದಳು. ಆಮೇಲೆ ಡಬ್ಬದ ಕಡೆ ನೋಡದೆ, ಬಾಗಿಲಿನ ಕಡೆ ನೋಡಿ, "ಹೂಂ. ಬರೂವಾಗ ಜೀರಗಿ ತರ್ರಿ," ಎಂದಳು.

ಬಾಗಿಲು ಹಾಕಿ ಅಗಳಿ ಜಡಿದು ಒಳಗೆ ಹೋದಳು. ಅರ್ಜಿದಾರನಿಗೆ ಅಳು ತಡೆಯಲಾಗಲಿಲ್ಲ. ವಾಯರು ನೋಡುವ ನೆಪದಲ್ಲಿ ಟೇಬಲ್ಲಿನ ಕೆಳಗೆ ಹೋಗಿ ತಮ್ಮ ಪಕ್ಕದಲ್ಲಿಯೇ ಕುಳಿತು ಅತ್ತದ್ದಕ್ಕೆ ತಾವೇ ಸಾಕ್ಷಿ.

ಅಂದಿನಿಂದ ಇದು ನಿತ್ಯದ ಪದ್ಧತಿ. ಯಂತ್ರ ಹೇಳುತ್ತದೆ, ಅವ್ವ ಜೀರಿಗೆ ತರಲು ಹೇಳುತ್ತಾಳೆ, ಅಗಳಿ ಬೀಳುತ್ತದೆ. ಅಗಳಿ ಬಿದ್ದ ಮೇಲೆ ಯಾರು ಬಂದು ಬಾಗಿಲು ಬಡಿದರೂ ಬೆಳಗಿನ ತನಕ ತೆಗೆಯುವುದಿಲ್ಲ. ಕರೆಂಟಿನ ಲೈನ್‌ಮನ್ ಮಚ್ಚೇಂದ್ರ ಇದನ್ನು ಕೇಳಲೆಂದೇ ಆ ಹೊತ್ತಿಗೆ ಚಹಾಕ್ಕೆ ಬಂದು ಕೂರುವುದು ರೂಢಿಯಾಯಿತು. ಲೋಡ್ ಶೆಡ್ಡಿಂಗಿಗೆ ಓಣಿಯ ಕರೆಂಟು ತೆಗೆಯುವವನೂ ಅವನೇ ಆದ ಕಾರಣ ಅವ್ವ ಅವನ ಚಹಾಕ್ಕೆ ಸಕ್ಕರೆ ಒಂದು ಚಮಚ ಹೆಚ್ಚೇ ಹಾಕುತ್ತಾಳೆ.

7. ಪಕ್ಕದ ವಜೀರಬಿ ಈ ವಾರ ತಂಗಿಯ ಮನೆಗೆಂದು ಬಸವಕಲ್ಯಾಣಕ್ಕೆ ಹೋದವರು, ಕರೆಯದೆ, ಕೇಳದೆ, ನೆಟ್ಟಗೆ ಬೀಜದ ಅಂಗಡಿಗೆ ನುಗ್ಗಿದರು. ಅಲ್ಲಿ ಅವರು ಆಡಿದ ಮಾತನ್ನು ಅವರೇ ಬಂದು ಅಭಿನಯ ಸಹಿತ ವರದಿ ಮಾಡಿದ್ದಾರೆ:

"ಬಸವಣಪ್ಪ ಭಾಯಿ, ನೀವು ಇಲ್ಲಿ ಆರಾಮ ಕುಂತೀರಿ. ನಿಮ್ಮ ದನಿ ದಿನಾ ಸಂಜಿಕ ಅಲ್ಲಿ ಡಬ್ಬದಾಗಿಂದ ಹೋಗಿ ಬರ್ತೀನಿ ಅಂತದ. ನಿಮ್ಮ ಬೀವಿ ಅದಕ್ಕ ಜೀರಗಿ ತರ್ರಿ ಅಂತಾಳ. ಡಬ್ಬಾ ಹ್ಯಾಂಗ ತರ್ತದ್ರಿ, ಕಾಲು ಅವ ಏನು ಅದಕ್ಕ? ನಿಮಗರ ಅವ."

ಅಪ್ಪ ತಮ್ಮ ಕಾಲಿನ ಕಡೆ ನೋಡಿಕೊಂಡರಂತೆ.

8. ಇಂದು ಮಧ್ಯಾಹ್ನ ಓಣಿಯಲ್ಲಿ ಗದ್ದಲ ಒಮ್ಮೆಲೇ ನಿಂತಿತು. ಅರ್ಜಿದಾರ ತಲೆಯೆತ್ತಿ ನೋಡಿದರೆ ಹೊಸ್ತಿಲಿನ ಹೊರಗೆ ಅಪ್ಪ. ಬೆನ್ನು ಬಾಗಿದೆ, ಟೋಪಿ ಮಾತ್ರ ಅಂದಿನಷ್ಟೇ ಶುಭ್ರ. ಕೈಯಲ್ಲಿ ಕಾಗದದ ಪೊಟ್ಟಣ. 'ತಂದೆ ಬಸವಣಪ್ಪ' ಎಂದು ಹದಿಮೂರು ವರ್ಷ ಪ್ರತಿ ಅರ್ಜಿಯಲ್ಲೂ ಬರೆದ ಮನುಷ್ಯ ಎದುರು ನಿಂತಾಗ ಅರ್ಜಿದಾರನಿಗೆ ಸಿಟ್ಟೂ ಬಂತು, ಎದೆಯೂ ತುಂಬಿ ಬಂತು. ಯಾವುದನ್ನು ಮೊದಲು ತೋರಿಸುವುದೆಂದು ತಿಳಿಯದೆ ಸ್ಟೂಲು ತೋರಿಸಿದ.

ಅವ್ವ ಒಳಗಿನಿಂದ ಬಂದು ಕಂಬಕ್ಕೆ ಒರಗಿ ನಿಂತಳು. ಅಪ್ಪ ಯಾರೂ ಕೇಳದೆಯೇ ಶುರು ಮಾಡಿದರು.

"ಅವತ್ತ ಜೀರಗಿ ತರಾಕೇ ಹೋಗಿದ್ದೆ. ಅಂಗಡಿ ಬಾಗಲಾ ಹಾಕಿತ್ತು. ಖಾಲಿ ಕೈಲೆ ಹ್ಯಾಂಗ ಬರೂದು ಅಂತ ಬಸ್‌ಸ್ಟ್ಯಾಂಡಿನ್ಯಾಗ ಕುಂತೆ. ಕಲ್ಯಾಣದ ಬಸ್ಸು ಬಂತು, ಹತ್ತಿದೆ. ಅಲ್ಲಿ ಜೀರಗಿ ಸಿಕ್ತು ಭೀ. ಆದ್ರ ಕತ್ತಲಾಗಿತ್ತು. ಮರುದಿನ ಬಂದ್ರ ರಾತ್ರಿ ಎಲ್ಲಿದ್ರಿ ಅಂತ ಕೇಳ್ತಿ ಅನಿಸ್ತು. ಅದಕ್ಕ ಜವಾಬು ಹುಡುಕೂದ್ರಾಗ ಇನ್ನೊಂದಿನ ಹೋಯ್ತು. ಆಮ್ಯಾಗ ಎರಡು ದಿನದ ಜವಾಬು ಬೇಕಾತು. ಹಿಂಗ ಬೆಳೀತಾನೇ ಹೋಯ್ತು."

"ಈಗ ಸಿಕ್ಕದೇನು ಜವಾಬು?" ಎಂದು ಅವ್ವ ಕೇಳಿದಳು.

"ಇಲ್ಲ," ಎಂದರು ಅಪ್ಪ.

ಅವ್ವ ಕೈ ಚಾಚಿದಳು. ಅಪ್ಪ ಪೊಟ್ಟಣ ಕೊಟ್ಟರು. ಬಿಚ್ಚಿ, ನಾಲ್ಕು ಕಾಳು ಅಂಗೈಯಲ್ಲಿ ಉಜ್ಜಿ, ಮೂಸಿ ನೋಡಿದಳು.

"ಇದು ಶಾಹಜೀರಾ. ಬಿರ್ಯಾನಿಗಿ ಹಾಕ್ತಾರ. ನಾ ಹೇಳಿದ್ದು ಸಾದಾ ಜೀರಗಿ. ಹೋಗಿ ಬದ್ಲಿ ಮಾಡ್ಕೊಂಡು ಬರ್ರಿ."

ಅರ್ಜಿದಾರ ನಡುವೆ ಬಾಯಿ ಹಾಕಿ, ಅವ್ವ, ಜೀರಗಿ ನಮ್ಮ ಬಜಾರದಾಗೇ ಸಿಗ್ತದ, ನಾನೇ ತರ್ತೀನಿ ಎಂದ. "ನಿನಗ್ಯಾರು ಕೇಳ್ಯಾರ? ತಂದದ್ದು ಕಲ್ಯಾಣದಾಗ, ಬದ್ಲಿನೂ ಅಲ್ಲೇ ಆಗ್ಬೇಕು. ಟೋಪಿ ಇಲ್ಲೇ ಇಟ್ಟು ಹೋಗ್ರಿ," ಎಂದಳು ಅವ್ವ.

ಅಪ್ಪ ಟೋಪಿ ತೆಗೆದುಕೊಟ್ಟರು. ಬರಿದಲೆಯಲ್ಲಿ ಅವರನ್ನು ಓಣಿ ಕಂಡದ್ದು ಅದೇ ಮೊದಲು. ಚಪ್ಪಲಿ ಮೆಟ್ಟಿ ಮೆಟ್ಟಿಲು ಇಳಿದರು. ವಜೀರಬಿ ಯಾರದೋ ಕೈಗೆ ಬಳೆ ಏರಿಸುತ್ತಿದ್ದವರು ಅಲ್ಲಿಗೇ ನಿಲ್ಲಿಸಿದರು. ಎರಡು ಹೆಜ್ಜೆ ನಡೆದ ಅಪ್ಪ ತಿರುಗಿ ನಿಂತು, "ಹೋಗಿ ಬರ್ತೀನಿ," ಎಂದರು.

ಡಬ್ಬಕ್ಕೆ ದಿನಾ ಉತ್ತರ ಕೊಡುವ ಅವ್ವ ಇವರಿಗೆ ಏನೂ ಅನ್ನಲಿಲ್ಲ. ಟೋಪಿಯನ್ನು ಎದೆಗೊತ್ತಿಕೊಂಡು ಒಳಗೆ ಹೋಗಿ ಬೇಳೆ ಒಲೆಯ ಮೇಲಿಟ್ಟಳು.

9. ಸದ್ಯದ ಪರಿಸ್ಥಿತಿ ಹೀಗಿದೆ. ಬೇಳೆ ಬೆಂದಿದೆ. ಒಗ್ಗರಣೆಯ ಸೌಟಿನಲ್ಲಿ ಎಣ್ಣೆ ಹಾಕಿಟ್ಟಿದೆ, ಕಾಯಿಸಿಲ್ಲ. ಅವ್ವ ಟೋಪಿಯನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲಿಗೆ ಮುಖ ಮಾಡಿ ಕುಳಿತಿದ್ದಾಳೆ. ದೀಪ ಹಚ್ಚಿದ್ದಾಳೆ, ಮೇನಿನ ಹತ್ತಿರ ಮಾತ್ರ ಹೋಗಿಲ್ಲ. ಬಸವಕಲ್ಯಾಣದಿಂದ ಕೊನೆಯ ಬಸ್ಸು ಇನ್ನೂ ಬರಬೇಕಿದೆ. ಆದರೆ ಅದಕ್ಕೂ ಮೊದಲು ಲೋಡ್ ಶೆಡ್ಡಿಂಗಿನ ಹೊತ್ತು ಬರುತ್ತದೆ. ಕರೆಂಟು ಹೋದರೆ ಯುಪಿಎಸ್ ತಮಗೆ ವರದಿ ಮಾಡುತ್ತದೆ, ತಾವು ಕರ್ತವ್ಯನಿಷ್ಠರಾದ ಕಾರಣ ಶಟ್‌ಡೌನ್ ಹೊರಡಿಸುತ್ತೀರಿ, ಯಂತ್ರ "ಹೋಗಿ ಬರ್ತೀನಿ" ಎನ್ನುತ್ತದೆ, ಅವ್ವ ಎದ್ದು ಅಗಳಿ ಹಾಕುತ್ತಾಳೆ. ಆಮೇಲೆ ಬಸ್ಸಿಳಿದು ಬಂದ ಅಪ್ಪನಿಗೆ ಹಾಕಿದ ಬಾಗಿಲು ಕಾಣುತ್ತದೆ. ಬಡಿದು ಕರೆಯುವ ಆಸಾಮಿ ಅವರಲ್ಲ. ಹಿಂದೆ ಒಂದು ಅಂಗಡಿಯ ಬಾಗಿಲು ಹಾಕಿದ್ದಕ್ಕೇ ಹದಿಮೂರು ವರ್ಷ ಹೋದವರು, ಮನೆಯ ಬಾಗಿಲೇ ಹಾಕಿದ್ದರೆ ಎಷ್ಟು ವರ್ಷ ಹೋಗುತ್ತಾರೋ ಅರ್ಜಿದಾರನಿಗೆ ಗೊತ್ತಿಲ್ಲ.

ಅರ್ಜಿದಾರನೇ ಈ ಯಂತ್ರದ ಸರ್ವಾಧಿಕಾರಿಯಾಗಿದ್ದು, ಸ್ಕ್ರಿಪ್ಟನ್ನು ಅಳಿಸಬಹುದಲ್ಲ, ಸ್ಪೀಕರಿನ ವಾಯರು ಕೀಳಬಹುದಲ್ಲ ಎಂದು ತಾವು ಆಕ್ಷೇಪಿಸಬಹುದು. ಕೀಳಲು ಬಗ್ಗಿದ್ದುಂಟು. ಅವ್ವ ಕುಳಿತಲ್ಲಿಂದಲೇ ತಡೆದಳು.

"ಮುಟ್ಟಬ್ಯಾಡ ಅದನ್ನ. ದಿನಾ ಹೇಳಿ ಹೋಗೂದು ಅದೊಂದೇ. ಅದನ್ನ ಬಿಡಿಸಿ, ಅವ್ರನ್ನ ನಂಬಿ ಕುಂಡ್ರಾಕ ನನಗ ಧೈರ್ಯ ಸಾಲಂಗಿಲ್ಲ ಮಗಾ."

ಅವ್ವನ ಬಾಯಲ್ಲಿ ಇಂಥ ಮಾತನ್ನು ಅರ್ಜಿದಾರ ಹಿಂದೆಂದೂ ಕೇಳಿದವನಲ್ಲ. ಅವಳ ಆಜ್ಞೆ ಮೀರುವ ಅಧಿಕಾರ ಯಂತ್ರದ ಸರ್ವಾಧಿಕಾರಿಗೂ ಇಲ್ಲ. ಬೇರೆ ದಾರಿ ಕಾಣದ ಕಾರಣ ತಮ್ಮ ಪಾದಕ್ಕೆ ಬಂದಿದ್ದಾನೆ.

ಆದ್ದರಿಂದ, ಮೇಲ್ಕಂಡ ಕಾರಣಗಳನ್ನು ಸಹಾನುಭೂತಿಯಿಂದ ಪರಿಶೀಲಿಸಿ,

(ಅ) ಕೊನೆಯ ಬಸ್ಸು ಬಂದು, ಬಸ್‌ಸ್ಟ್ಯಾಂಡಿನಿಂದ ಮುದುಕರೊಬ್ಬರು ನಡೆದು ಬರುವಷ್ಟು ಹೊತ್ತಿನ ತನಕ, ಯುಪಿಎಸ್ ಏನೇ ಚಾಡಿ ಹೇಳಿದರೂ ಶಟ್‌ಡೌನ್ ಆದೇಶವನ್ನು ತಡೆಹಿಡಿಯಬೇಕಾಗಿಯೂ;

(ಆ) ಅಪ್ಪ ಬಂದಲ್ಲಿ, ಸದರಿ ಸ್ಕ್ರಿಪ್ಟಿನ ಹಾಜರಿ ಫೈಲನ್ನು ತೆಗೆದು, ಇಷ್ಟು ದಿನ ಬೇರೆಯವರ ಪರವಾಗಿ ಸಲ್ಲಿಸಿದ ಸೇವೆಯಿಂದ ಅದನ್ನು ಗೌರವಪೂರ್ವಕ ಬಿಡುಗಡೆ ಮಾಡಬೇಕಾಗಿಯೂ;

(ಇ) ಬಾರದಿದ್ದಲ್ಲಿ, ಎಂದಿನಂತೆ ಹೇಳಿಸಬೇಕಾಗಿಯೂ, ಆದರೆ ಇಂದು ಸ್ವಲ್ಪ ಮೆಲ್ಲಗೆ ಹೇಳಿಸಬೇಕಾಗಿಯೂ ವಿನಂತಿ.

ತಮ್ಮ ವಿಶ್ವಾಸಿ, ಟೇಬಲ್ಲಿನ ಮೇಲ್ಭಾಗದಿಂದ,
ಗುರುಲಿಂಗ ತಂದೆ ಬಸವಣಪ್ಪ

ಪ್ರತಿ: ಶ್ರೀ ಮಚ್ಚೇಂದ್ರ, ಲೈನ್‌ಮನ್ ಇವರಿಗೆ, ಇಂದು ನಮ್ಮ ಓಣಿಯ ಕರೆಂಟು ತೆಗೆಯುವಾಗ ಕೈ ಕೊಂಚ ನಿಧಾನ ಮಾಡುವ ಸಲುವಾಗಿ. ಕುಡಿದ ಚಹಾಗಳನ್ನು ನೆನಪಿಸಿಕೊಳ್ಳುವುದು.

ಲಗತ್ತುಗಳು:
1. "ಹೋಗಿ ಬರ್ತೀನಿ" ಸ್ಕ್ರಿಪ್ಟು (ತಮ್ಮ ಹೊಟ್ಟೆಯಲ್ಲಿಯೇ ಇದೆ).
2. ಬಿಳಿ ಟೋಪಿ, ಒಂದು (ಅವ್ವನ ಮಡಿಲಲ್ಲಿದೆ, ಪರಿಶೀಲನೆಗೆ ಕೊಡಲಾಗದು).
3. ಸಾದಾ ಜೀರಿಗೆ, ಒಂದು ಪೊಟ್ಟಣ (ಬಂದ ಕೂಡಲೇ ಸಲ್ಲಿಸಲಾಗುವುದು).